ನೇಕಾರ ಚುಕ್ಕಿ

ಗಂಜಿಯ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಮೈದಾ ಹಿಟ್ಟು ನೀರಿನಲ್ಲಿ ಕುದ್ದು ದಪ್ಪಗಾಗಿ ತಳ ಹಿಡಿಯುವ ಹೊತ್ತಿಗೆ ಬರುವ ಆ ಮಂದ ಹುಳಿ ವಾಸನೆಗೆ ನನ್ನ ಗಂಡ ಇಂದಿಗೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಮೂಗಿಗೆ ಬಿದ್ದರೆ ಕಾಲು ತಾನಾಗಿ ನಿಲ್ಲುತ್ತದೆ. ಹೋದ ಮಾರ್ಚ್‌ನಲ್ಲಿ ಹಾಗೆಯೇ ಆಯಿತು. ಜಮಖಂಡಿಯ ಕಾಲೇಜಿಗೆ ಪ್ರಾಕ್ಟಿಕಲ್ ಪರೀಕ್ಷೆಯ ಪರೀಕ್ಷಕಳಾಗಿ ಹೊರಟಿದ್ದೆ. ಹಿಂದಿನ ದಿನವೇ ಬನಹಟ್ಟಿಯ ತವರಿಗೆ ಬಂದಿದ್ದೆ. ಬೆಳಿಗ್ಗೆ ಬಸ್ಸಿಗೆ ಹೊರಟರೆ, ಪವರ್‌ಲೂಮುಗಳ ಗದ್ದಲದ ನಡುವೆ ಯಾವುದೋ ಹಳೆಯ ಮನೆಯಲ್ಲಿ ಗಂಜಿ ಕುದಿಯುತ್ತಿತ್ತು. ಓಣಿಯಲ್ಲಿ ಮಗ್ಗಕ್ಕೆ ಉದ್ದಕ್ಕೆ ಹಾಕುವ ನೂಲಿನ ಹಾಸು ಎಳೆದು ಕಟ್ಟಿದ್ದರು. ಒಬ್ಬ ಮುದುಕ ಕುಂಚಿಗೆಯಿಂದ ನೂಲಿಗೆ ಗಂಜಿ ಸವರುತ್ತಿದ್ದ. ನಾನು ನಿಂತೆ. ಬಸ್ಸು ಹೋಯಿತು.

ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಿತ್ತು. ಆ ಮುಕ್ಕಾಲು ಗಂಟೆ ನಾನು ಕೂತಿದ್ದು ನಿಲ್ದಾಣದ ಕಲ್ಲುಬೆಂಚಿನ ಮೇಲೆ. ಮನಸ್ಸು ಕೂತಿದ್ದು ಹಳೆಯ ಒಂದು ಮಳೆಗಾಲದಲ್ಲಿ.

ಬಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾಗಿ ಆಗ ಏಳೆಂಟು ವರ್ಷವಾಗಿತ್ತು. ಆದರೆ ಜಮಖಂಡಿಯ ಅದೇ ಕಾಲೇಜಿನ ಪ್ರಯೋಗಾಲಯದ ಬಾಟಲಿ, ಕಪಾಟು, ಸ್ಟೂಲುಗಳ ಮೇಲೆ ಇನ್ನೂ ಬಿಜಾಪುರ ಜಿಲ್ಲೆ ಎಂದೇ ಬರೆದಿತ್ತು. ನಾನು ಎಂ.ಎಸ್ಸಿ. ಮುಗಿಸಿ, ಎಂ.ಫಿಲ್. ಮಾಡಲು ಜೋಶಿ ಸರ್ ಹತ್ತಿರ ಸೇರಿದ್ದೆ. ಸರ್ ಆ ವರ್ಷದ ಕೊನೆಗೆ ನಿವೃತ್ತರಾಗುವವರು. ಕಾಲೇಜಿನಲ್ಲಿ ಸಂಶೋಧನೆ ಮಾಡಿಸುವ ಅಧಿಕಾರ ಅವರೊಬ್ಬರಿಗೇ ಇತ್ತು. ಅವರು ಹೊರಗೆ ಹೋಗುವ ಮೊದಲು ನನ್ನ ಪ್ರಬಂಧ ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗದಿದ್ದರೆ ವರ್ಷವೆಲ್ಲ ನೀರುಪಾಲು. ಮನೆಯಲ್ಲೂ ಗಡುವು ಇತ್ತು. ಅವ್ವ, ಸೋದರಮಾವ, ಓಣಿಯ ಹಿರಿಯರು ಎಲ್ಲ ಸೇರಿ ನನ್ನ ಮದುವೆಯ ಮಾತು ಎತ್ತಿದಾಗ ಅಪ್ಪ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಏಳದೆಯೇ, "ಒಂದ ವರ್ಷ ಕೇಳ್ಯಾಳ, ಒಂದ ವರ್ಷ ಕೊಟ್ಟೇನಿ," ಅಂದಿದ್ದ. ಎರಡನೆಯ ವರ್ಷದ ಮಾತು ಆಡುವ ಹಾಗಿರಲಿಲ್ಲ.

ಸರ್ ಹುಡುಕುತ್ತಿದ್ದದ್ದು ಮಡಿಕೆ ಕಾಳಿನೊಳಗಿನ ಸಕ್ಕರೆ. ಸಕ್ಕರೆಯೆಂದರೆ ಬಾಯಿಗೆ ಸಿಹಿಯಾಗುವ ಸಕ್ಕರೆಯಲ್ಲ. ಕೆಲವು ಪ್ರೋಟೀನುಗಳು ಮೈಮೇಲೆ ಸಕ್ಕರೆಯ ಸಣ್ಣ ಸರಗಳನ್ನು ಹೊತ್ತುಕೊಂಡಿರುತ್ತವೆ. ಒಂದೇ ಮಳೆಗೆ ಹುಟ್ಟಿ, ಬಿರುಬಿಸಿಲಿನಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆದು, ಕಾಯಿ ಕಟ್ಟುವ ಈ ಬಡ ಕಾಳಿನ ತಾಳಿಕೆಗೆ ಆ ಸರಗಳೇ ಕಾರಣವಿರಬೇಕೆಂದು ಸರ್ ಇಪ್ಪತ್ತು ವರ್ಷದಿಂದ ನಂಬಿದ್ದರು. ಸುತ್ತ ಹಿನ್ನೀರು, ಕಾಲುವೆ ಬಂದು ಮುಧೋಳ, ಜಮಖಂಡಿಯ ಕಡೆಯೆಲ್ಲ ಕಬ್ಬಿನ ಸೀಮೆಯಾಗಿ ಹೋಗಿತ್ತು. ಊರೆಲ್ಲ ಸಕ್ಕರೆಯಲ್ಲಿ ಮುಳುಗಿರುವಾಗ ಸಕ್ಕರೆ ಹುಡುಕಲು ಒಣಭೂಮಿಯ ಮಡಿಕೆಗೆ ಹೋದವರು ನಮ್ಮ ಸರ್ ಒಬ್ಬರೇ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಸರ್ ಮಾತ್ರ ಬಿಳಗಿಯ ಕಡೆಯ ಒಬ್ಬ ರೈತನಿಂದ ಪ್ರತಿ ವರ್ಷ ಒಂದು ಚೀಲ ಕಾಳು ತರಿಸಿ ಡಬ್ಬಿಯಲ್ಲಿ ತುಂಬಿಡುತ್ತಿದ್ದರು, ಅಷ್ಟೇ.

ಕೆಲಸ ಬೀಸುಕಲ್ಲಿನಿಂದ ಶುರುವಾಗುತ್ತಿತ್ತು. ಅಟೆಂಡರ್ ಮಾಳಪ್ಪ ಕಾಳು ಬೀಸಿ ಕೊಡುತ್ತಿದ್ದ. ಅವನದು ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಬೀಸುವಾಗ ದೇವರ ಹಾಡನ್ನು ಗುನುಗುತ್ತಿದ್ದರೆ ಸರ್ ಬೇಡವೆನ್ನುತ್ತಿರಲಿಲ್ಲ. ಹಿಟ್ಟನ್ನು ತಣ್ಣನೆಯ ಉಪ್ಪುನೀರಿನಲ್ಲಿ ನೆನೆಹಾಕಿ, ಅರಿವೆಯಲ್ಲಿ ಸೋಸಿ, ಕೈಯಿಂದ ತಿರುಗಿಸುವ ಸೆಂಟ್ರಿಫ್ಯೂಜಿನಲ್ಲಿ ಗಸಿ ಇಳಿಸಿದರೆ ತಿಳಿ ಸಿಗುತ್ತಿತ್ತು. ತಿಳಿಗೆ ಬೇರೊಂದು ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಹೋದರೆ ಹಾಲು ಒಡೆದಂತೆ ಪ್ರೋಟೀನು ಮುದ್ದೆ ಕಟ್ಟುತ್ತದೆ. ಆ ಮುದ್ದೆಯನ್ನು ಮತ್ತೆ ಅರಿವೆಯಲ್ಲಿ ಹಿಡಿದು, ತೆಳು ಪೊರೆಯ ಚೀಲದಲ್ಲಿ ತುಂಬಿ, ಎರಡು ದಿನ ನೀರಿನಲ್ಲಿ ತೂಗಹಾಕಬೇಕು. ಉಪ್ಪು, ಸಣ್ಣ ಪುಟ್ಟ ಸಕ್ಕರೆಗಳೆಲ್ಲ ಪೊರೆಯಿಂದ ಹೊರಗೆ ಹೋಗುತ್ತವೆ. ದೊಡ್ಡದು ಒಳಗೆ ಉಳಿಯುತ್ತದೆ. ಆ ನೀರು ಬದಲಿಸುವುದಕ್ಕಾಗಿಯೇ ನಾನು ಬನಹಟ್ಟಿಯಿಂದ ಮೊದಲ ಬಸ್ಸು ಹಿಡಿಯುತ್ತಿದ್ದೆ.

ಕೊನೆಗೆ ಬಣ್ಣ ನೋಡುವುದು. ದೊಡ್ಡ ಊರಿನ ಯಂತ್ರಗಳು ನಮ್ಮಲ್ಲಿ ಇರಲಿಲ್ಲ. ಇದ್ದದ್ದು ಒಂದು ಹಳೆಯ ಕಲರಿಮೀಟರ್, ಅದರ ಮುಳ್ಳು ಮಧ್ಯಾಹ್ನದ ಮೇಲೆ ಮನಸ್ಸಿಗೆ ಬಂದಂತೆ ಆಡುತ್ತಿತ್ತು. ಹಾಗಾಗಿ ಸರ್ ಕಣ್ಣನ್ನೇ ನಂಬುತ್ತಿದ್ದರು. ಮೈಲುತುತ್ತದ ನೀರು, ಕ್ಷಾರ ಬಿದ್ದು ನೇರಳೆ ಬಣ್ಣ ಬಂದರೆ ಪ್ರೋಟೀನು ಇದೆ. ಫಿನಾಲ್ ಹಾಕಿ, ಮೇಲೆ ಗಂಧಕಾಮ್ಲ ಸುರಿದು, ಕೊಳವೆ ಕೈಸುಡುವಷ್ಟು ಬಿಸಿಯಾಗಿ ಹಳದಿ ಕೇಸರಿ ಬಂದರೆ ಸಕ್ಕರೆ ಇದೆ. ಗೊತ್ತಿರುವಷ್ಟು ಗ್ಲೂಕೋಸ್ ಹಾಕಿದ ಏಳು ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಸರ್ ಒಂದು ಬಣ್ಣದ ಏಣಿ ಮಾಡಿದ್ದರು. ಮೊದಲನೆಯದು ಒಣ ಹುಲ್ಲಿನ ಬಣ್ಣ, ಏಳನೆಯದು ಅರಿಸಿನ ಕುಂಕುಮ ಕಲೆಸಿದ ಬಣ್ಣ. ನಮ್ಮ ಮಡಿಕೆಯ ತಿಳಿ ಜೂನ್, ಜುಲೈ ಎರಡೂ ತಿಂಗಳು ಎರಡನೆಯ ಮೆಟ್ಟಿಲು ದಾಟಲಿಲ್ಲ. ಆಮ್ಲ ಸಿಡಿದು ನನ್ನ ಸೀರೆಯ ಸೆರಗಿನಲ್ಲಿ ಸಾಸಿವೆ ಕಾಳಿನಷ್ಟು ತೂತುಗಳಾದವು. ಅಪ್ಪ ಅವುಗಳ ಮೇಲೆ ಬೆರಳಾಡಿಸುತ್ತಿದ್ದ.

ಆ ವರ್ಷ ನಮ್ಮಲ್ಲಿ ಮಳೆ ಹಿಡಿದು ಹೊಡೆಯಲಿಲ್ಲ. ಮೋಡ ಬಂದು ನಿಂತು ಹೋಗುತ್ತಿದ್ದವು. ಮೇಲಿನ ಮಹಾರಾಷ್ಟ್ರದ ಮಳೆಗೆ ಕೃಷ್ಣೆ ಮಾತ್ರ ಕೆಂಪಗೆ ತುಂಬಿ ಬಂದಳು. ಮಾಳಪ್ಪನ ತಮ್ಮನ ಕುರಿಹಟ್ಟಿಯನ್ನು ಹಿನ್ನೀರು ಎರಡು ಸಲ ಎಬ್ಬಿಸಿತು. ಇಲ್ಲಿ ಹನಿ ಬೀಳದೆಯೂ ನೀರು ಏರುವುದನ್ನು ನೋಡಿದಾಗ ನನಗೆ ಏನೋ ಅಸಮಾಧಾನ. ಎಲ್ಲಿಯದೋ ನೀರು, ಇಲ್ಲಿಯ ಲೆಕ್ಕಕ್ಕೆ. ಆ ಅಸಮಾಧಾನ ಮುಂದೆ ಎಲ್ಲಿ ಮುಟ್ಟುತ್ತದೆಂದು ಆಗ ತಿಳಿದಿರಲಿಲ್ಲ.

ಶ್ರಾವಣದಲ್ಲಿ ನಮ್ಮ ಸೋಸುವ ಅರಿವೆ ಹರಿಯಿತು. ಅದು ಸರ್ ಅವರ ಹಳೆಯ ಧೋತರದ ತುಂಡು, ನೂರಾರು ಸಲ ಒಗೆದು ಜೇಡನ ಬಲೆಯಂತಾಗಿತ್ತು. ನಾನು ಮನೆಯಲ್ಲಿ ಹೇಳಿದೆ. ನಾಲ್ಕು ದಿನದ ಮೇಲೆ ಅಪ್ಪ ಒಂದು ಮೊಳದಷ್ಟು ಬಿಳಿ ಅರಿವೆ ಮಡಿಚಿ ನನ್ನ ಮುಂದೆ ಇಟ್ಟ. ಮಗ್ಗಕ್ಕೆ ಹಾಕಿದ್ದ ಸೀರೆಯ ಕೆಲಸ ನಿಲ್ಲಿಸಿ, ಸಣ್ಣ ಎಳೆಯ ನೂಲು ತಂದು, ಮಗ್ಗದ ಬಾಚಣಿಗೆಯಂಥ ಫಣಿಯಲ್ಲಿ ಅಡ್ಡ ಎಳೆಯ ಹೊಕ್ಕನ್ನು ಒತ್ತಾಗಿ ಹೊಡೆದು, ನನ್ನ ಕಾಳಿನ ನೀರು ಸೋಸಲೆಂದೇ ನೇಯ್ದಿದ್ದ. ನನ್ನ ಓದು ಏನೆಂದು ಅವನಿಗೆ ಗೊತ್ತಿರಲಿಲ್ಲ. ಅದರಲ್ಲಿ ತನ್ನದೊಂದು ಅರಿವೆ ಇರಬಹುದು ಎನ್ನುವುದು ಗೊತ್ತಾಗಿತ್ತು. ಅಷ್ಟು ಹಿಗ್ಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವ್ವ ಒಲೆಯ ಮುಂದಿನಿಂದಲೇ, ಹೊಸ ಅರಿವೆ, ಕುದಿಸಿ ಒಯ್ಯಿ ಎಂದಳು. ಲ್ಯಾಬಿನಲ್ಲೇ ತೊಳೆಯುತ್ತೇನೆ ಎಂದೆ. ತೊಳೆದೆ ಕೂಡ. ಡಿಸ್ಟಿಲ್ಡ್ ವಾಟರಿನಲ್ಲಿ, ಮೂರು ಸಲ. ಅದಕ್ಕಿಂತ ಶುದ್ಧವಾದ ನೀರು ಜಮಖಂಡಿಯಲ್ಲಿ ಇರಲಿಲ್ಲ ಎಂಬ ಜಂಬ ನನಗೆ.

ಹೊಸ ಅರಿವೆಯಲ್ಲಿ ಸೋಸಿದ ಮೊದಲ ತಿಳಿಗೆ ಆಮ್ಲ ಸುರಿದ ದಿನ ಕೊಳವೆಯಲ್ಲಿ ಬಣ್ಣ ಏರುತ್ತಲೇ ಹೋಯಿತು. ಮೂರನೆಯ ಮೆಟ್ಟಿಲು ದಾಟಿ, ನಾಲ್ಕು ದಾಟಿ, ಐದರ ಪಕ್ಕ ನಿಂತಿತು. ಸರ್ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಸೇರಿದಂದಿನಿಂದ ಅವರು ಬಾಯಿತುಂಬ ನಕ್ಕಿದ್ದನ್ನು ಕಂಡಿದ್ದು ಅವತ್ತೇ ಮೊದಲು.

"ಧೋತರದಾಗ ಹೊಟ್ಟು, ಹೊಲಸು ಎಲ್ಲಾ ಇಳೀತಿತ್ತು," ಅಂದರು. "ಅರಿವಿ ಛಲೋ ಅದ. ಅದಕ್ಕ ಕಾಳಿನ ಖರೇ ಬಣ್ಣ ಹೊರಗ ಬಂತು. ನಿಮ್ಮ ತಂದಿಯವರಿಗೆ ಹೇಳು."

ನಾನು ಹೇಳಿದೆ. ಅಪ್ಪ ಅದನ್ನು ಎರಡು ಸಲ ಹೇಳಿಸಿಕೊಂಡ. ಮರುದಿನ ಓಣಿಯ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ, ತನ್ನ ಅರಿವೆಯಿಂದ ಕಾಲೇಜಿನಲ್ಲಿ ಬಣ್ಣ ಬಂತು ಎಂದು ಹೇಳಿದನಂತೆ. ಅವ್ವ ನನಗೆ ಹೇಳಿ ನಕ್ಕಳು.

ಮತ್ತೆ ಮತ್ತೆ ಮಾಡಿ ನೋಡಿದೆವು. ಪ್ರತಿ ಸಲವೂ ಐದು, ಒಮ್ಮೊಮ್ಮೆ ಐದೂವರೆ. ಸರ್ ಒಂದು ಪುಟದ ಸಾರಾಂಶ ಬರೆದು ಧಾರವಾಡದಲ್ಲಿ ದೀಪಾವಳಿಯ ನಂತರ ನಡೆಯಲಿದ್ದ ವಿಜ್ಞಾನಿಗಳ ಸಭೆಗೆ ಕಳಿಸಿದರು. ಇಪ್ಪತ್ತು ವರ್ಷದಲ್ಲಿ ಅವರು ಮಡಿಕೆಯ ಬಗ್ಗೆ ಹೊರಗೆ ಕಳಿಸಿದ ಮೊದಲ ಮಾತು ಅದು. ನನ್ನ ಪ್ರಬಂಧದ ಅಧ್ಯಾಯಗಳನ್ನೂ ಅವರೇ ರಾತ್ರಿ ಕೂತು ತಿದ್ದಿ, ಬೆಳಿಗ್ಗೆ ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಮಡಿಕೆಯ ಪ್ರೋಟೀನು ಸಕ್ಕರೆಯಿಂದ ಸಮೃದ್ಧ ಎಂಬ ವಾಕ್ಯವನ್ನು ಅವರು ಮೂರು ಸಲ ತಿದ್ದಿ ಮೂರು ಸಲವೂ ಅದೇ ಶಬ್ದ ಉಳಿಸಿದ್ದರು.

ಗಣೇಶನ ಹಬ್ಬ ಮುಗಿದ ವಾರ. ಗಾಜಿನ ಕೊಳವೆಯನ್ನು ಬಿರಡೆಯಲ್ಲಿ ತೂರಿಸುವಾಗ ಅದು ಮುರಿದು ನನ್ನ ಅಂಗೈ ಸೀಳಿತು. ಸರ್ ಪಾಠಕ್ಕೆ ಹೋಗಿದ್ದರು. ಮಾಳಪ್ಪ ಓಡಿಹೋಗಿ ಔಷಧದ ಪೆಟ್ಟಿಗೆಯಿಂದ ಟಿಂಚರ್ ಅಯೋಡಿನ್ ತಂದು ಸುರಿದ. ಉರಿಗೆ ನಾನು ಕೈ ಕೊಡವಿದೆ. ಕಂದು ಹನಿಗಳು ಸಿಂಕಿನ ಅಂಚಿನಲ್ಲಿ ಒಣಗಲು ಹಾಕಿದ್ದ ಅರಿವೆಯ ಮೇಲೆ ಬಿದ್ದವು.

ಮಾಳಪ್ಪ ನನ್ನ ಕೈಗೆ ಪಟ್ಟಿ ಕಟ್ಟುತ್ತಾ ಆ ಕಡೆ ನೋಡಿ, "ಯಾಕ್ರಿ ಅಕ್ಕಾರ, ಅರಿವಿ ಕರ್ರಗಾತು?" ಅಂದ.

ನೋಡಿದೆ. ಅರಿವೆಯ ಮೇಲಿನ ಹನಿಗಳು ಕಂದಾಗಿ ಉಳಿದಿರಲಿಲ್ಲ. ನೀಲಿಗಟ್ಟಿ, ಅಂಚಿನಲ್ಲಿ ಶಾಯಿಯಂತೆ ಹರಡಿ ಕಪ್ಪಾಗುತ್ತಿದ್ದವು. ಪಿಷ್ಟಕ್ಕೆ ಅಯೋಡಿನ್ ಬಿದ್ದರೆ ಕಡುನೀಲಿ. ಎಂಟನೆಯ ಇಯತ್ತೆಯ ಹುಡುಗರು ಆಲೂಗಡ್ಡೆಯ ಹೋಳಿನ ಮೇಲೆ ಮಾಡುವ ಪ್ರಯೋಗ ಅದು. ಅರಿವೆಯಲ್ಲಿ ಪಿಷ್ಟ ಎಲ್ಲಿಂದ ಬಂತೆಂದು ನೇಕಾರನ ಮಗಳಿಗೆ ಯಾರೂ ಹೇಳಬೇಕಿರಲಿಲ್ಲ. ಗಂಜಿ. ಹಾಸಿನ ನೂಲು ಮಗ್ಗದಲ್ಲಿ ಹರಿಯದಿರಲಿ ಎಂದು ಅಪ್ಪ ಹಚ್ಚಿದ ಗಂಜಿ. ನಾವು ಸೋಸಿದ ಪ್ರತಿ ತಿಳಿಯಲ್ಲೂ ಅದು ಸ್ವಲ್ಪ ಸ್ವಲ್ಪವಾಗಿ ಇಳಿದಿತ್ತು. ಪಿಷ್ಟವೂ ಸಕ್ಕರೆಯ ಸರವೇ. ಪೊರೆಯ ಚೀಲದಿಂದ ಹೊರಗೆ ಹೋಗದಷ್ಟು ದೊಡ್ಡದು. ಆಮ್ಲ ಬಿದ್ದರೆ ಅದೂ ಕೇಸರಿಯೇ. ಐದನೆಯ ಮೆಟ್ಟಿಲು ಹತ್ತಿದ್ದು ಮಡಿಕೆಯಲ್ಲ. ಕೃಷ್ಣೆಯ ನೀರಿನಂತೆ, ಎಲ್ಲಿಯದೋ ಸಕ್ಕರೆ ಇಲ್ಲಿಯ ಲೆಕ್ಕಕ್ಕೆ ಸೇರಿತ್ತು.

ಹೋಲಿಸಿ ನೋಡಲೆಂದು ಪ್ರತಿ ಸಲ ಬರೀ ಉಪ್ಪುನೀರಿನ ಕೊಳವೆಯನ್ನೂ ಇಡುತ್ತಿದ್ದೆವು. ಆದರೆ ಆ ಉಪ್ಪುನೀರನ್ನು ಒಮ್ಮೆಯೂ ಅರಿವೆಯಲ್ಲಿ ಸೋಸಿರಲಿಲ್ಲ. ಸೋಸಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆವು.

ಅರಿವೆಯನ್ನು ಮಡಿಚಿ ಚೀಲದಲ್ಲಿ ಹಾಕಿಕೊಂಡೆ. ಕೈ ಸೀಳಿದೆ ಎಂದು ಚೀಟಿ ಬರೆದಿಟ್ಟು ಮನೆಗೆ ಬಂದೆ. ಮೂರು ದಿನ ಕಾಲೇಜಿಗೆ ಹೋಗಲಿಲ್ಲ. ನಾನು ದೊಡ್ಡ ಸತ್ಯವಂತೆ ಎಂದು ಇಲ್ಲಿ ಬರೆದರೆ ಅದು ಇನ್ನೊಂದು ಗಂಜಿಯಾಗುತ್ತದೆ, ಅದಕ್ಕೆ ಇದ್ದದ್ದನ್ನೇ ಹೇಳುತ್ತೇನೆ. ಆ ಮೂರು ದಿನ ನಾನು ಸುಮ್ಮನಿರುವುದು ಹೇಗೆ ಎಂದೇ ಯೋಚಿಸಿದೆ. ಮಾಳಪ್ಪನಿಗೆ ಅರಿವೆ ಕಪ್ಪಾಗಿದ್ದು ಗೊತ್ತು, ಕಾರಣ ಗೊತ್ತಿಲ್ಲ. ಪ್ರಬಂಧ ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಪ್ರಯೋಗಗಳನ್ನು ಮತ್ತೆ ಮೊದಲಿನಿಂದ ಮಾಡಲು ದಿನ ಸಾಲುತ್ತವೋ ಇಲ್ಲವೋ. ಸರ್ ಹೋಗುವಾಗ ನಗುತ್ತಾ ಹೋಗುತ್ತಾರೆ. ಅಪ್ಪನ ಹಿಗ್ಗು ಹಿಗ್ಗಾಗಿಯೇ ಉಳಿಯುತ್ತದೆ. ಮಡಿಕೆ ಕಾಳೇನೂ ಎದ್ದು ಬಂದು ದೂರು ಹೇಳುವುದಿಲ್ಲ.

ಮೂರನೆಯ ದಿನ ಸಂಜೆ ಅವ್ವ ನನ್ನ ಚೀಲ ಝಾಡಿಸುವಾಗ ಅರಿವೆ ಸಿಕ್ಕಿತು. ಅವಳು ಅದನ್ನು ಅಪ್ಪನ ಮುಂದೆ ಹಿಡಿದಳು. ಅಪ್ಪ ಲಾಳಿ ಕೆಳಗಿಟ್ಟ. ಕಲೆಯನ್ನು ಮೂಸಿ ನೋಡಿ ಇದೇನು ಎಂದು ಕೇಳಿದ. ನಾನು ಎಲ್ಲ ಹೇಳಿದೆ. ಬಣ್ಣ ಬಂದದ್ದು ಕಾಳಿನದಲ್ಲ, ಗಂಜಿಯದು ಎಂದು ಹೇಳುವಾಗ ಅವನ ಮುಖ ನೋಡಲಾಗಲಿಲ್ಲ.

"ತೊಳದಿದ್ದಿಲ್ಲೇನು?" ಅಂದ.

ಮೂರು ಸಲ ತೊಳೆದೆ, ತಣ್ಣನೆಯ ಶುದ್ಧ ನೀರಿನಲ್ಲಿ ಎಂದೆ.

"ಗಂಜಿಗಿ ಶುದ್ಧ ನೀರು ಗೊತ್ತಿಲ್ಲವ್ವಾ, ಕುದಿಯೂ ನೀರು ಗೊತ್ತೈತಿ." ಅರಿವೆಯನ್ನು ಮೊಣಕಾಲ ಮೇಲೆ ಹರವಿ ಕೇಳಿದ, "ನಿಮ್ಮ ಸರ್‌ಗೆ ಹೇಳಿದಿ?"

"ಇಲ್ಲಪ್ಪಾ."

"ಹೇಳದಿದ್ರ ಗೊತ್ತಾಕ್ಕೈತಿ?"

"ಯಾರಿಗೂ ಗೊತ್ತಾಗೂದಿಲ್ಲ."

ಅವನು ಚುಚ್ಚಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಅದಕ್ಕೇ ನನಗೆ ಹೆಚ್ಚು ಕಷ್ಟವಾಯಿತು. ಅಪ್ಪ ಅರಿವೆಯ ಕಲೆಯ ಮೇಲೆ ಹೆಬ್ಬೆರಳು ಉಜ್ಜಿದ. ಆಮೇಲೆ ಹೇಳಿದ, "ನನ್ನ ಅರಿವಿಯಿಂದ ಸುಳ್ಳು ಹೊಂಟೈತಿ ಅಂದ್ರ ನನಗ ಊಟಾ ಸೇರೂದಿಲ್ಲ. ನಿನಗ ಹೇಳಾಕ ಅಂಜಿಕಿ ಬಂದ್ರ ನಾ ಬಂದು ಹೇಳತೇನಿ. ತಪ್ಪು ಅರಿವೀದು ಅಂತ ಹೇಳತೇನಿ, ನಿಂದಲ್ಲ."

ಕುದಿಸದೆ ತಪ್ಪು ಮಾಡಿದವಳು ನಾನು. ಬೈಯಬೇಕಾದವನು ತನ್ನ ಮೇಲೆ ಹಾಕಿಕೊಳ್ಳಲು ನಿಂತಿದ್ದ. ನಾನು ಅತ್ತೆ. ಮರುದಿನ ಮೊದಲ ಬಸ್ಸಿಗೆ ಹೋದೆ.

ಸರ್ ಮೊದಲು ನಂಬಲಿಲ್ಲ. ಅರಿವೆಯಲ್ಲಿ ಇದ್ದರೆ ಇರಲಿ, ತಿಳಿಯಲ್ಲಿ ಹೇಗೆ ಬಂದೀತು ಎಂದು ಸ್ವಲ್ಪ ಗಡುಸಾಗಿಯೇ ಹೇಳಿದರು. ಮಾಳಪ್ಪನ ಮೇಲೂ ರೇಗಿದರು. ಆಮೇಲೆ ಅವರೇ ಎದ್ದು ಫ್ರಿಜ್ಜಿನಿಂದ ನಾವು ಕಾಪಿಟ್ಟಿದ್ದ ಮಾದರಿಗಳ ಶೀಶೆಗಳನ್ನು ತಂದರು. ಒಂದೊಂದಕ್ಕೂ ಒಂದೊಂದು ಹನಿ ಅಯೋಡಿನ್ ಬಿಟ್ಟರು. ಸೆಪ್ಟೆಂಬರಿನದು ನೀಲಿ. ಆಗಸ್ಟಿನವು ಎರಡೂ ನೀಲಿ. ಕೊನೆಗೆ ಜೂನಿನ ಶೀಶೆ, ಧೋತರದಲ್ಲಿ ಸೋಸಿದ್ದು. ಅದು ಹಳದಿಯಾಗಿಯೇ ಉಳಿಯಿತು.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಹುಡುಗರ ಗದ್ದಲ ಕೇಳುತ್ತಿತ್ತು. ನೋಟ್‌ಬುಕ್ ತೆಗೆದು ಜೂನ್ ತಿಂಗಳ ಮೊದಲ ಪುಟ ತೋರಿಸಿದರು. ಪಿಷ್ಟ ಇಲ್ಲ ಎಂದು ಅವರದೇ ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಒಮ್ಮೆ ನೋಡಿದ್ದರು, ಇಲ್ಲವೆಂದು ಬರೆದಿದ್ದರು. ಆಮೇಲೆ ನೋಡಿರಲಿಲ್ಲ.

"ಮೂವತ್ತ ವರ್ಷ ಹುಡುಗರಿಗೆ ಪಿಷ್ಟಕ್ಕ ಅಯೋಡಿನ್ ಅಂತ ಕಲಿಸೀನಿ, ಗಿರಿಜಾ," ಅಂದರು. "ಐದನೇ ಮೆಟ್ಟಿಲಾ ನೋಡಿ ನಾನ ಮರತೆ. ನನಗ ಆ ಬಣ್ಣ ಬೇಕಾಗಿತ್ತು."

ಆ ಕೊನೆಯ ಮಾತನ್ನು ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ಅವತ್ತು ಮಧ್ಯಾಹ್ನವೇ ಸರ್ ಧಾರವಾಡಕ್ಕೆ ಪತ್ರ ಬರೆದು ತಮ್ಮ ಸಾರಾಂಶವನ್ನು ಹಿಂದಕ್ಕೆ ಪಡೆದರು. ಅಂಚೆಗೆ ಹಾಕಲು ಮಾಳಪ್ಪನ ಕೈಗೆ ಕೊಡಲಿಲ್ಲ, ತಾವೇ ಹೋದರು. ಛತ್ರಿ ಮರೆತು ಹೋಗಿದ್ದರು. ಆ ವರ್ಷ ಬಾರದ ಮಳೆ ಅವತ್ತು ನಾಲ್ಕು ಹನಿ ಬಂತು, ತೋಯ್ದುಕೊಂಡೇ ಬಂದರು.

ಇನ್ನು ಉಳಿದದ್ದು ಮೂರು ತಿಂಗಳು. ಮೊದಲಿನಿಂದ ಮಾಡೋಣ, ಆದಷ್ಟು ಆಗಲಿ ಎಂದರು ಸರ್. ಅದಕ್ಕೆ ಅರಿವೆ ಬೇಕಿತ್ತು. ಅದೇ ಅರಿವೆ ಇರಲಿ ಎಂದು ಅವರೇ ಹೇಳಿದ್ದನ್ನು ಮನೆಯಲ್ಲಿ ಹೇಳಿದೆ. ಮುಂದಿನ ಸೋಮವಾರ ಅಪ್ಪ ನನ್ನ ಜೊತೆಗೆ ಬಸ್ಸು ಹತ್ತಿದ. ಅವನು ಜಮಖಂಡಿಗೆ ಬಂದದ್ದು ಕೋರ್ಟಿಗೆ, ಸಂತೆಗೆ. ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಬಿಳಿ ಟೊಪ್ಪಿಗೆ ಸರಿಮಾಡಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಪ್ರಯೋಗಾಲಯಕ್ಕೆ ಬಂದ. ನಾನು ಚಪ್ಪಲಿ ಇರಲಿ ಎಂದರೂ ಕೇಳಲಿಲ್ಲ. ಸರ್ ಎದ್ದು ನಿಂತು ಕುರ್ಚಿ ಕೊಟ್ಟರು. ಅಪ್ಪ ಕೂರಲಿಲ್ಲ.

"ತಪ್ಪು ಅರಿವೀದು ಐತ್ರಿ ಸಾಹೇಬ್ರ," ಅಂದ ಬಂದವನೇ. "ಸೋಡಾ ಹಾಕಿ ಮೂರು ಸಲ ಕುದಿಸೇನ್ರಿ. ನೀವು ನೋಡ್ರಿ."

ಸರ್ ತಪ್ಪು ಅರಿವೆಯದಲ್ಲ, ನೋಡದೆ ಇದ್ದವರದು ಎಂದು ಹೇಳಿ ಅಯೋಡಿನ್ ಶೀಶೆ ತಂದರು. ಹನಿ ಬಿಡುವ ಕೊಳವೆಯನ್ನು ಅಪ್ಪನ ಕೈಗೇ ಕೊಟ್ಟರು. ನೂಲಿನ ಎಳೆ ಗಂಟು ಹಾಕಿ ಹಾಕಿ ಪಳಗಿದ ಕೈ ಅದನ್ನು ಹಗುರಾಗಿ ಹಿಡಿಯಿತು. ಅರಿವೆಯ ಮೂಲೆಯಲ್ಲಿ ಒಂದು ಹನಿ ಬಿಟ್ಟ. ಮೂವರೂ ಬಾಗಿ ನೋಡಿದೆವು. ಮಾಳಪ್ಪನೂ ಬಾಗಿಲಿನಿಂದ ಕತ್ತು ಚಾಚಿದ. ಹನಿ ಹರಡಿತು. ಕಂದು ಹಳದಿಯಾಗಿ ನಿಂತಿತು. ನೀಲಿ ಬರಲಿಲ್ಲ.

ಅಪ್ಪ ಸಮಾಧಾನದಿಂದ ಸುತ್ತ ನೋಡಿದ. ಕಪಾಟಿನ ಬಾಟಲಿಗಳ ಮೇಲಿನ ಹೆಸರು ಏನೆಂದು ನನ್ನಿಂದ ಓದಿಸಿದ. ಅವೆಲ್ಲ ಪರದೇಶದವರ ಹೆಸರುಗಳು, ಯಾವ ಬಣ್ಣದ ಪರೀಕ್ಷೆಯನ್ನು ಯಾರು ಮೊದಲು ಮಾಡಿ ತೋರಿಸಿದರೋ ಅವರ ಹೆಸರು ಅದಕ್ಕೆ ಬರುತ್ತದೆ ಎಂದು ಸರ್ ವಿವರಿಸಿದರು. ಕೆಲಸಕ್ಕೆ ಹೆಸರು ಹತ್ತುತ್ತದೆ ಎನ್ನಿ ಎಂದ ಅಪ್ಪ. ಸರ್ ಆ ಮೂಲೆಯ ಹಳದಿ ಹನಿಯನ್ನು ತೋರಿಸಿ, "ಹಂಗಾದ್ರ ಇದು ನೇಕಾರ ಚುಕ್ಕಿ," ಅಂದರು. ನಗೆಯ ಮಾತೇ. ಆದರೆ ಅವತ್ತೇ ಒಂದು ರಟ್ಟಿನ ಮೇಲೆ, ಹೊಸ ಅರಿವೆಗೆ ಮೊದಲು ನೇಕಾರ ಚುಕ್ಕಿ ಇಡತಕ್ಕದ್ದು ಎಂದು ಬರೆದು ಸಿಂಕಿನ ಮೇಲೆ ಮೊಳೆ ಹೊಡೆಸಿದರು. ಆಮೇಲೆ ಪ್ರತಿ ಸಲ ಉಪ್ಪುನೀರನ್ನೂ ಅದೇ ಅರಿವೆಯಲ್ಲಿ ಸೋಸಿ ಪಕ್ಕಕ್ಕೆ ಇಟ್ಟೆವು.

ಮಡಿಕೆ ಮತ್ತೆ ಎರಡನೆಯ ಮೆಟ್ಟಿಲಿಗೆ ಇಳಿಯಿತು. ಒಣ ಹುಲ್ಲಿಗಿಂತ ಒಂದು ಕೂದಲೆಳೆ ಗಾಢ, ಅಷ್ಟೇ. ಪದೇ ಪದೇ ಮಾಡಿದರೂ ಅಷ್ಟೇ. ಸಕ್ಕರೆ ಇತ್ತು, ಇಲ್ಲವೆಂದಲ್ಲ. ಆದರೆ ಸಮೃದ್ಧ ಎನ್ನುವಷ್ಟು ಇರಲಿಲ್ಲ. ಸರ್ ಆ ಶಬ್ದದ ಮೇಲೆ ಗೆರೆ ಎಳೆದು, ಅಲ್ಪ ಎಂದು ಬರೆದರು. ಬರೆಯುವಾಗ ಅವರ ಮುಖ ಬಾಡಿತ್ತು. ಇಪ್ಪತ್ತು ವರ್ಷ ಕಾದದ್ದು ಒಂದು ಶಬ್ದದಲ್ಲಿ ಮುಗಿಯಿತು. ನನ್ನ ಪ್ರಬಂಧ ಅವರ ನಿವೃತ್ತಿಗೆ ಆರು ದಿನ ಮೊದಲು ಧಾರವಾಡಕ್ಕೆ ಹೋಯಿತು. ಮೌಖಿಕ ಪರೀಕ್ಷೆಗೆ ಬಂದವರು, ಇಷ್ಟು ಸಣ್ಣ ಫಲಿತಾಂಶಕ್ಕೆ ಇಷ್ಟು ದಪ್ಪ ಪ್ರಬಂಧವೇ ಎಂದರು. ಪಾಸಾದೆ. ಅದಕ್ಕಿಂತ ಹೆಚ್ಚಿನದೇನೂ ಸಿಗಲಿಲ್ಲ.

ಪ್ರಬಂಧದ ಪ್ರತಿಯನ್ನು ಮನೆಗೆ ತಂದಾಗ ಅಪ್ಪ ತನ್ನ ಅರಿವೆ ಎಲ್ಲಿದೆ ಎಂದು ಕೇಳಿದ. ವಿಧಾನದ ಅಧ್ಯಾಯ ತೆಗೆದು, ಅರಿವೆಯನ್ನು ಸೋಡಾ ಹಾಕಿ ಮೂರು ಸಲ ಕುದಿಸಿ, ಅಯೋಡಿನ್‌ಗೆ ನೀಲಿ ಬಾರದಿರುವುದನ್ನು ನೋಡಿ ಬಳಸಲಾಯಿತು ಎಂಬ ಸಾಲನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ಹೇಳಿದೆ. ಮೊದಲು ತಪ್ಪಿದ್ದನ್ನೂ ಬರೆದಿದ್ದೀಯೇನು ಎಂದ. ಬರೆದಿದ್ದೇನೆ, ಮುಂದಿನ ಸಾಲಿನಲ್ಲಿ ಎಂದೆ. ಆ ಎರಡೂ ಸಾಲುಗಳ ಮೇಲೆ ಬೆರಳಾಡಿಸಿದ.

ಸರ್ ನಿವೃತ್ತರಾಗಿ ನಾಲ್ಕು ವರ್ಷಕ್ಕೆ ತೀರಿಕೊಂಡರು. ಅಪ್ಪ ಹೋಗಿ ಈಗ ಎರಡು ವರ್ಷ. ಮನೆಯಲ್ಲಿ ತಮ್ಮನ ಪವರ್‌ಲೂಮುಗಳು ಓಡುತ್ತಿವೆ. ಅಪ್ಪನ ಕುಣಿಮಗ್ಗದ ಕುಣಿಯನ್ನು ಮುಚ್ಚಿ ಫರಸಿ ಕಲ್ಲು ಹಾಕಿಸಿದ್ದಾನೆ. ಅಲ್ಲಿ ಕಾಲಿಡುವಾಗ ನಾನು ಇನ್ನೂ ಒಂದು ಹೆಜ್ಜೆ ಬದಿಗೆ ಸರಿದೇ ಹೋಗುತ್ತೇನೆ.

ಆ ಮಾರ್ಚ್‌ನ ಬೆಳಿಗ್ಗೆ ತಡವಾಗಿ ಕಾಲೇಜು ಮುಟ್ಟಿದೆ. ಪ್ರಯೋಗಾಲಯಕ್ಕೆ ಬಣ್ಣ ಬಳಿದಿದ್ದರು, ಹೊಸ ಸಿಂಕು, ಹೊಸ ಕಪಾಟು. ರಟ್ಟಿನ ಹಲಗೆ ಇರಲಿಲ್ಲ. ನನಗೆ ಗೊತ್ತಿರುವ ಒಂದು ಮುಖವೂ ಇರಲಿಲ್ಲ. ಮಾಳಪ್ಪನೂ ನಿವೃತ್ತನಾಗಿ ಊರು ಸೇರಿದ್ದ. ವಿದ್ಯಾರ್ಥಿಗಳು ಕಾಳಿನ ತಿಳಿ ತೆಗೆದು ಪ್ರೋಟೀನು, ಸಕ್ಕರೆ ತೋರಿಸುವ ಪ್ರಯೋಗ ಮಾಡುತ್ತಿದ್ದರು. ಕೊನೆಯ ಮೇಜಿನ ಹುಡುಗಿ ಸೋಸಲು ಕೊಟ್ಟ ಹೊಸ ಅರಿವೆಯನ್ನು ಬಿಚ್ಚಿದಳು. ಸೋಸುವ ಮೊದಲು ಅಯೋಡಿನ್ ಶೀಶೆ ತೆಗೆದು ಅರಿವೆಯ ಮೂಲೆಯಲ್ಲಿ ಒಂದು ಹನಿ ಬಿಟ್ಟು ಬಾಗಿ ನೋಡುತ್ತಾ ನಿಂತಳು. ಕೈಪಿಡಿಯಲ್ಲಿ ಅದು ಇರಲಿಲ್ಲ. ನಾನು ಹತ್ತಿರ ಹೋಗಿ ಇದೇನೆಂದು ಕೇಳಿದೆ.

ಹುಡುಗಿ ಪರೀಕ್ಷೆಯ ಪ್ರಶ್ನೆ ಎಂದುಕೊಂಡಳು. ನೆಟ್ಟಗೆ ನಿಂತು ಹೇಳಿದಳು.

"ನೇಕಾರ ಚುಕ್ಕಿ ರೀ ಮೇಡಂ. ಅರಿವ್ಯಾಗ ಗಂಜಿ ಐತೇನು ಅಂತ ನೋಡೂದು. ನೇಕಾರ ಅನ್ನೂ ಸೈಂಟಿಸ್ಟ್ ಇದ್ರಂತ್ರೀ, ಅವರ ಹೆಸರಿನ ಟೆಸ್ಟ್ ರೀ."

ಅರಿವೆಯ ಮೂಲೆಯ ಹನಿ ಹಳದಿಯಾಗಿ ನಿಂತಿತ್ತು.

"ಹೌದವಾ, ಇದ್ರು," ಎಂದೆ.